ಜೂನ್‌ನಿಂದ ಅಕ್ಟೋಬರ್‌ವರೆಗೆ

ತನ್ನ ಕೈಯಲ್ಲಿ ಒಂದು ತಪ್ಪು ಸಿಕ್ಕಿದೆ, ಅದು ಈ ಸಲ ತನ್ನದಲ್ಲ ಎನ್ನುವ ಸಮಾಧಾನದಲ್ಲಿ ಅವನು ತೆರಿಗೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದ. ಚೀಟಿಯಲ್ಲಿ ನಲವತ್ತೇಳು ಎಂದಿತ್ತು. ಗೋಡೆಯ ಮೇಲಿನ ಕೆಂಪು ಅಂಕಿ ಮೂವತ್ತೊಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ತೊಡೆಯ ಮೇಲಿದ್ದ ಕಂದು ಲಕೋಟೆಯೊಳಗೆ ಎರಡು ಫಾರಂ. ಒಂದು, ಅವನು ನವೆಂಬರ್‌ನಿಂದ ಕೆಲಸ ಮಾಡುತ್ತಿರುವ ದೊಡ್ಡ ಲ್ಯಾಬಿನಿಂದ ಬಂದದ್ದು; ಅದರಲ್ಲಿ ತಕರಾರಿಲ್ಲ. ಇನ್ನೊಂದು, ಹದಿನೇಳು ವರ್ಷ ಕೂತು ಊರಿನವರ ಬಾಯಿಗೆಲ್ಲ ಹಲ್ಲು ಕಟ್ಟಿ, ಹೋದ ಮೇ ತಿಂಗಳ ಕೊನೆಯ ದಿನ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಬಂದಿದ್ದ ಹಳೆಯ ಲ್ಯಾಬಿನಿಂದ ಬಂದದ್ದು. ವರ್ಷದ ಯಾವ ಯಾವ ತಿಂಗಳು ಯಾರ ಯಾರಿಗೆ ಆರೋಗ್ಯ ವಿಮೆ ಇತ್ತು ಎಂದು ಕೆಲಸ ಕೊಟ್ಟವರು ಗುರುತು ಹಾಕಿ ಕಳಿಸಬೇಕು, ಅದನ್ನು ನೋಡಿಕೊಂಡು ಕೆಲಸದವನು ತನ್ನ ತೆರಿಗೆ ಲೆಕ್ಕ ತುಂಬಿ ಸಹಿ ಹಾಕಬೇಕು. ಹೆಸರಿನ ಮುಂದೆ ಹನ್ನೆರಡು ಪುಟ್ಟ ಚೌಕ. ಮೇ ತನಕ ಗುರುತಿದ್ದದ್ದು ಸರಿಯೇ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದರಲ್ಲೂ ಗುರುತಿತ್ತು. ಅವನ ಹೆಸರಿನ ಮುಂದೆ ಐದು, ಕೆಳಗೆ ಹೆಂಡತಿಯ ಹೆಸರಿನ ಮುಂದೆ ಐದು. ಆ ಐದು ತಿಂಗಳು ಅವನು ಆ ಲ್ಯಾಬಿನ ಮೆಟ್ಟಿಲು ಹತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮೇಣ ಕರಗಿಸಿಕೊಂಡು ಅಲ್ಲೊಂದು ಇಲ್ಲೊಂದು ಬಿಡಿ ಕೆಲಸ ಮಾಡಿದ್ದ. ಹಾಗಿದ್ದ ಮೇಲೆ ಆ ಲ್ಯಾಬಿನ ಯಜಮಾನರು ಇಲ್ಲದವನನ್ನು ಇದ್ದಾನೆಂದು ತೋರಿಸಿ ಏನೋ ಉಳಿಸಿಕೊಂಡಿದ್ದಾರೆ. ಮೂರು ದಿನದ ಹಿಂದೆ ಲಕೋಟೆ ಒಡೆದು ಓದಿದಾಗ ಅವನಿಗೆ ಹೊಳೆದದ್ದು ಇದು, ಮತ್ತು ಹೊಳೆದ ಕ್ಷಣವೇ ಮೈ ಹಗುರಾಗಿತ್ತು. "ಏನ್ರೀ, ಒಬ್ರೇ ನಗ್ತಿದೀರ?" ಎಂದು ಹೆಂಡತಿ ಕೇಳಿದ್ದಳು. "ಏನಿಲ್ಲ," ಎಂದು ಫಾರಂ ಮಡಿಸಿಕೊಂಡಿದ್ದ. ಸುಳ್ಳು ಕಾಗದ ನೋಡಿಕೊಂಡು ಸಹಿ ಹಾಕುವವನು ತಾನಲ್ಲ. ಇದು ಪ್ರಾಮಾಣಿಕತೆ, ಬೇರೇನಲ್ಲ. ಬೇರೇನಲ್ಲ ಎಂದು ಮೂರು ದಿನದಿಂದ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಅಷ್ಟು ಸಲ ಹೇಳಿಕೊಳ್ಳಬೇಕಾಗಿ ಬಂದದ್ದೇ ಒಳಗೆಲ್ಲೋ ಮುಳ್ಳಿನಂತೆ ಚುಚ್ಚುತ್ತಿತ್ತು.

ಎದುರು ಬೆಂಚಿನಲ್ಲಿ ಆಕಳಿಸಿದವನ ಮೇಲಿನ ಹಲ್ಲಿನ ಸಾಲು ಕಟ್ಟಿಸಿದ್ದು. ಯಾರೋ ಅವಸರದಲ್ಲಿ ಮಾಡಿದ್ದು. ಒಸಡಿನ ಬಣ್ಣ ಗೊಂಬೆಯ ಕೆನ್ನೆಯ ಹಾಗಿತ್ತು. ಮುಖಕ್ಕಿಂತ ಮೊದಲು ಬಾಯಿ ನೋಡುವ ಈ ಚಾಳಿ ಅವನಿಗೆ ಯಜಮಾನರಿಂದಲೇ ಬಂದದ್ದು. ಲ್ಯಾಬಿನವರು ಬೆನ್ನ ಹಿಂದೆ ಅವರನ್ನು ಸಾಣೆ ಎನ್ನುತ್ತಿದ್ದರು. ಹಲ್ಲನ್ನೂ ತೀಡುತ್ತಿದ್ದರು, ಮನುಷ್ಯರನ್ನೂ. ಏಪ್ರನ್ ಎಸೆದ ಆ ದಿನ, ಅವನು ಮಾಡಿದ ಹಲ್ಲಿನ ಸೆಟ್ಟೊಂದು ಎರಡನೇ ಸಲ ವಾಪಸ್ ಬಂದಿತ್ತು. ಯಾರೋ ಮುದುಕಿಯದು, ಕಚ್ಚಿದರೆ ಒಂದು ಕಡೆ ಎತ್ತುತ್ತದೆ ಎಂದು ದೂರು. ಯಜಮಾನರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಎತ್ತಿ ಹಿಡಿದು, ಕೆಲಸ ಮಾಡುತ್ತಿದ್ದ ಐದೂ ಜನಕ್ಕೆ ಕಾಣುವಂತೆ ತಿರುಗಿಸಿ, "ಇದನ್ನ ಬಾಯಿಗೆ ಮಾಡಿದ್ದೋ ಬಾಗಿಲಿಗೆ ಮಾಡಿದ್ದೋ?" ಎಂದಿದ್ದರು. ನಕ್ಕವರಲ್ಲಿ ಮೂವರ ನಗೆ ಅವನಿಗೆ ನೆನಪಿಲ್ಲ. ಬಂದು ತಿಂಗಳೂ ಆಗಿರದ ಹುಡುಗಿಯೊಬ್ಬಳು, ಪ್ಲಾಸ್ಟರ್ ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳಲ್ಲ, ಅದು ಮಾತ್ರ ಹೋಗಲಿಲ್ಲ. ಮನೆಗೆ ಬಂದವನೇ ರಾಜೀನಾಮೆ ಬರೆಯಲು ಕೂತ. ಮೊದಲನೆಯದರಲ್ಲಿ ಬರೀ ಸಿಟ್ಟಿತ್ತು, ಹರಿದ. ಎರಡನೆಯದರಲ್ಲಿ ತಾನು ಅತ್ತ ಹಾಗೆ ಕಾಣುತ್ತಿತ್ತು. ಮೂರನೆಯದರಲ್ಲಿ ಹದಿನೇಳು ವರ್ಷದ ಸೇವೆ ಎಂಬ ಮಾತು ಬಂದು, ಅದೇ ಬೇಡುವವನ ಧ್ವನಿಯಂತೆ ಕೇಳಿಸಿತು. ಜೂನ್ ಪೂರ್ತಿ, ಜುಲೈ ಅರ್ಧ, ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಬರೆದ. ಓದಿದವರ ಎದೆಗೆ ನಾಟಬೇಕು, ಆದರೆ ಬರೆದವನಿಗೆ ನೋವಾಗಿದೆ ಎಂದು ಗೊತ್ತಾಗಬಾರದು. ಅಂಥ ಕಾಗದ ಅವನ ಕೈಗೆ ಬರಲಿಲ್ಲ. ಏಳು ಬರೆದ. ಒಂದನ್ನೂ ಕಳಿಸಲಿಲ್ಲ.

ಅವನ ಸಂಖ್ಯೆ ಕೂಗಿದಾಗ ಹನ್ನೊಂದೂವರೆ. ಕೌಂಟರಿನ ಹಿಂದಿದ್ದ ಹೆಂಗಸಿಗೆ ಐವತ್ತರ ಮೇಲಾಗಿತ್ತು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಮೇಜಿನ ತುಂಬ ಫಾರಂ, ಫಾರಂ ಹಾರದಂತೆ ಒಂದು ಸ್ಟೇಪ್ಲರ್.

"ಇದು ತಪ್ಪಾಗಿದೆ ಮೇಡಂ. ಈ ಐದು ತಿಂಗಳು ನಾನು ಅಲ್ಲಿರ್ಲಿಲ್ಲ. ಇದನ್ನ ತೆಗೀಬೇಕು."

ಅವಳು ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಬೆಳಿಗ್ಗೆಯಿಂದ ಬಂದೋರೆಲ್ಲರದ್ದೂ ಒಂದೇ ಗೋಳು, ಇಲ್ಲಿ ಖಾಲಿ ಇದೆ, ತುಂಬಿಸಿ ಕೊಡಿ ಅಂತ. ತುಂಬಿದ್ದನ್ನ ಖಾಲಿ ಮಾಡಿ ಅಂತ ಬಂದೋರು ನೀವೊಬ್ರೇ. ಏನ್ ಕೆಲಸ ನಿಮ್ಮದು?"

"ಹಲ್ಲು ಕಟ್ಟೋದು."

"ಅದಕ್ಕೇ. ಖಾಲಿ ಜಾಗ ಕಂಡ್ರೆ ನಿಮಗೆ ಪ್ರೀತಿ."

ಅವನು ನಗಲಿಲ್ಲ. ಅವಳು ಕೆಳಗಿನ ಖಾನೆಯಿಂದ ಆಕ್ಷೇಪಣೆಯ ಫಾರಂ ತೆಗೆದು ತಾನೇ ತುಂಬತೊಡಗಿದಳು. "ಕೆಲಸ ಬಿಟ್ಟ ತಾರೀಕು?"

"ಮೇ ಮೂವತ್ತೊಂದು."

"ರಾಜೀನಾಮೆಯ ನಕಲು ಕೊಡಿ."

"ಬರೆದಿದ್ದೆ," ಎಂದ. ಆಮೇಲೆ, "ಕೊಟ್ಟಿಲ್ಲ," ಎಂದ.

"ಮತ್ತೆ ಬಿಟ್ಟಿದ್ದು ಹೇಗೆ?"

"ಏಪ್ರನ್ ಬಿಚ್ಚಿ ಎಸೆದೆ."

"ಏಪ್ರನ್‌ಗೆ ಇಲ್ಲಿ ಕಾಲಮ್ ಇಲ್ವಲ್ಲ," ಎಂದಳು ಅವಳು. ಪೆನ್ನು ಕೆಳಗಿಟ್ಟು ಹಳೆಯ ಲ್ಯಾಬಿನ ಫಾರಂ ಅನ್ನು ಅವನ ಕಡೆ ತಿರುಗಿಸಿದಳು. ಚೌಕಗಳ ಮೇಲೆ ಮೂರು ಸಾಲು ಅಂಕಿ, ಅಕ್ಷರಗಳಿದ್ದವು. ಅವನು ಅವನ್ನು ಓದಿರಲೇ ಇಲ್ಲ. ಬೇಕಾದ ತಪ್ಪು ಕೆಳಗೇ ಸಿಕ್ಕಿದ ಮೇಲೆ ಮೇಲಿನದನ್ನು ಓದುವವರು ಯಾರು. "ಮೊದಲನೇ ಸಾಲು, ವಿಮೆ ಯಾವ ಥರದ್ದು ಅಂತ. ಬಿಡಿ. ಎರಡನೇದು, ನಿಮ್ಮ ಸಂಬಳದಿಂದ ಹಿಡಿದ ಪಾಲು. ಮೇ ತನಕ ಒಂದೇ ಅಂಕಿ ಇದೆ. ಜೂನ್‌ನಿಂದ ಸೊನ್ನೆ. ಪಾಲು ಬೇಡ ಅಂದ್ರು ಅಂತಲ್ಲ. ನಿಮ್ಮ ಬದಲು ಲ್ಯಾಬಿನೋರೇ ಕಟ್ಟಿದಾರೆ ಅಂತ. ಮೂರನೇ ಸಾಲಲ್ಲಿ ಈ ಅಕ್ಷರ ಇದೆಯಲ್ಲ, ಸಂಬಳವಿಲ್ಲದ ರಜೆ. ಕಾಗದ ಕೊಡದೇ ಹೋದೋರನ್ನ ಆರು ತಿಂಗಳ ತನಕ ರಜೆ ಅಂತ ಇಟ್ಕೋಬಹುದು. ನಿಯಮ ಇದೆ. ಇಟ್ಕೊಳ್ಳೋರು ಇಲ್ಲ, ಅಷ್ಟೇ. ತಮ್ಮದೂ ಕೆಲಸದವನದೂ ಎರಡೂ ಪಾಲು ಕೈಯಿಂದ ಹೋಗತ್ತೆ, ಯಾರಿಗೆ ಬೇಕು?"

"ಅವರಿಗೇನು ಲಾಭ ಇದರಿಂದ?"

"ಲಾಭಾನಾ? ನಷ್ಟ." ಅವಳು ಐದು ಸೊನ್ನೆಗಳ ಮೇಲೆ ಪೆನ್ನಿನ ತುದಿ ಓಡಿಸಿದಳು. "ಆ ತಿಂಗಳಲ್ಲಿ ಮನೇಲಿ ಯಾರಾದ್ರೂ ಆಸ್ಪತ್ರೆಗೆ ಸೇರಿದ್ರಾ?"

ಆಗಸ್ಟ್ ಎಂದರೆ ಅವನಿಗೆ ಆಸ್ಪತ್ರೆಯ ಹೊರಗಿನ ಸಿಮೆಂಟು ಕಟ್ಟೆ. ಹೆಂಡತಿಯ ಕತ್ತಿನಲ್ಲಿ ಗಡ್ಡೆ, ಥೈರಾಯ್ಡ್, ತೆಗೆಯಲೇಬೇಕು ಎಂದಿದ್ದರು. ಸೇರಿಸುವ ದಿನ ಅವಳೂ ಅವಳ ತಮ್ಮನೂ ಕೌಂಟರಿಗೆ ಹೋದರು. ಅವನು ಗಾಡಿ ನೋಡಿಕೊಳ್ಳುತ್ತೇನೆಂದು ಹೊರಗೇ ಉಳಿದ. ಗಾಡಿಗೆ ಬೀಗವಿತ್ತು. ಕೆಲಸವಿಲ್ಲದವನು, ವಿಮೆಯಿಲ್ಲದವನು, ಎಷ್ಟಾಗುತ್ತದೆ ಎಂದು ಕೇಳಿ ಸುಮ್ಮನೆ ತಲೆಯಾಡಿಸಬೇಕಾದವನು. ಗಾಜಿನಾಚೆ ಭಾವಮೈದನ ಬೆನ್ನು, ಅವನು ಹಿಂದಿನ ಜೇಬಿಗೆ ಕೈ ಹಾಕಿದ್ದು, ಅಷ್ಟೇ ಕಂಡಿತ್ತು. ಕಂಡದ್ದು ಸಾಕೆಂದು ಮುಖ ತಿರುಗಿಸಿಕೊಂಡಿದ್ದ. ನಾಲ್ಕು ದಿನದ ಮೇಲೆ ಬಿಡುಗಡೆಯಾಗಿ ಬಂದ ಹೆಂಡತಿಗೆ ಧ್ವನಿಯಿರಲಿಲ್ಲ. ಮೂರು ವಾರ ಮಾತಾಡಬಾರದು ಎಂದಿದ್ದರು. ಎಲ್ಲಾ ಆಯಿತು, ನಡೆಯಿರಿ, ಎಂದು ಕೈಯಲ್ಲೇ ತೋರಿಸಿದಳು. ಆ ಮೂರು ವಾರ ಮನೆಯಲ್ಲಿ ಚಮಚದ ಸದ್ದು, ನಲ್ಲಿಯ ಸದ್ದು, ಅಷ್ಟೇ. ಅವಳು ಕತ್ತಿಗೆ ಪಟ್ಟಿ ಕಟ್ಟಿಕೊಂಡು ಅವನನ್ನೇ ನೋಡುತ್ತಾ ಕೂತಿರುತ್ತಿದ್ದಳು. ಅವನು ಆ ನೋಟವನ್ನೆಲ್ಲ ಬೈಗುಳವೆಂದೇ ಲೆಕ್ಕ ಹಾಕಿದ್ದ. ಧ್ವನಿ ಬಂದ ಮೇಲೂ ದುಡ್ಡು ಯಾರು ಕೊಟ್ಟರೆಂದು ಕೇಳಲಿಲ್ಲ. ಕೇಳದೆ ಇರುವುದು ಒಂದು ಮರ್ಯಾದೆ ಎಂದುಕೊಂಡಿದ್ದ.

"ಹೆಂಡತಿಗೆ ಆಪರೇಷನ್ ಆಯ್ತು. ಖರ್ಚೆಲ್ಲ ಅವಳ ತಮ್ಮ ನೋಡ್ಕೊಂಡ."

"ನೋಡ್ಕೊಂಡಿದ್ದನ್ನ ನೀವು ನೋಡಿದ್ರಾ?"

ಅವನು ಲಕೋಟೆಯ ಬಾಯಿ ಮಡಿಸಿದ, ಬಿಚ್ಚಿದ.

"ಇದಕ್ಕೆ ಸಹಿ ಹಾಕಿದ್ರೆ ಆಗಸ್ಟ್ ಹೋಗತ್ತೆ," ಎಂದು ಅವಳು ಆಕ್ಷೇಪಣೆಯ ಫಾರಂ ಮೇಲೆ ಕೈಯಿಟ್ಟಳು. ಧ್ವನಿ ತಗ್ಗಿತ್ತು. "ಆಗಸ್ಟ್ ಹೋದ್ರೆ, ಆ ಆಪರೇಷನ್‌ಗೆ ವಿಮೆಯೋರು ಕೊಟ್ಟಿದ್ದೇನಾದ್ರೂ ಇದ್ರೆ ಅಷ್ಟೂ ನಿಮ್ಮ ತಲೆ ಮೇಲೆ ಬರತ್ತೆ. ಹೊರಗೆ ಹೋಗಿ ಒಂದು ಫೋನ್ ಮಾಡಿ ಬನ್ನಿ. ನಾನೇನು ಓಡಿಹೋಗಲ್ಲ."

ಹೊರಗಿನ ಓಣಿಯಲ್ಲಿ ಕೊಡೆಗಳನ್ನು ನೇತುಹಾಕುವ ಕೊಕ್ಕೆಗಳ ಸಾಲಿತ್ತು, ಒಂದರಲ್ಲೂ ಕೊಡೆಯಿರಲಿಲ್ಲ. ಅವನು ಭಾವಮೈದನಿಗೆ ಫೋನ್ ಮಾಡಿದ. ಆಗಸ್ಟ್‌ನಿಂದ ಈಚೆಗೆ ಈ ಹುಡುಗನ ಮುಂದೆ ಅವನು ಬದುಕಿದ್ದ ರೀತಿ ಈಗ ತುಂಡುತುಂಡಾಗಿ ಎದ್ದು ಬಂತು. ಆ ಹುಡುಗನ ಅತ್ತೆಗೆ ಎರಡು ಹಲ್ಲು ಪುಕ್ಕಟೆ ಕಟ್ಟಿಕೊಟ್ಟದ್ದು. ಇಸ್ಪೀಟಿನಲ್ಲಿ ಗೆಲ್ಲುವ ಎಲೆ ಕೈಯಲ್ಲಿಟ್ಟುಕೊಂಡು ಸೋತದ್ದು. ಹುಡುಗ ಹಳೇ ಜೋಕು ಹೇಳಿದರೂ ಮೊದಲು ತಾನೇ ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ಆ ನಗೆಯನ್ನು ಒರೆಸಿಕೊಂಡದ್ದು.

"ಆವತ್ತು ಆಸ್ಪತ್ರೇಲಿ ನೀನು ಎಷ್ಟು ಕೊಟ್ಟೆ?" ಎಂದ, ಹೇಗಿದ್ದೀಯ ಎಂದೂ ಕೇಳದೆ.

"ನಾನಾ? ಗಾಡಿ ನಿಲ್ಲಿಸೋಕೆ ಕೊಟ್ಟೆ ಭಾವ. ಯಾಕೆ, ವಾಪಸ್ ಕೊಡ್ತೀರಾ?"

"ತಮಾಷೆ ಸಾಕು. ಆಪರೇಷನ್‌ಗೆ ಕೊಟ್ಟಿದ್ದು ಯಾರು?"

"ಅಕ್ಕ ವಿಮೆ ಕಾರ್ಡ್ ಕೊಟ್ಲಲ್ಲ, ನಿಮ್ಮ ಲ್ಯಾಬಿಂದು. ಅವರು ಕಂಪ್ಯೂಟರಲ್ಲಿ ನೋಡಿ ಸರಿ ಅಂದ್ರು. ನಾನು ಪರ್ಸ್ ತೆಗೆದೆ, ಬೇಡ ಅಂದ್ರು. ನಿಜ ಹೇಳ್ಲಾ ಭಾವ, ಒಳಗೊಳಗೇ ಬದುಕಿದೆ ಅಂದ್ಕೊಂಡೆ."

"ಮತ್ತೆ ನಾನು ಇಷ್ಟು ದಿನ ನಿನ್ನ ಮುಂದೆ ಅಷ್ಟೊಂದು ಬಗ್ಗಿಕೊಂಡು…"

"ನಾನೇನೋ ನಿಮಗೆ ವಯಸ್ಸಾಗಿ ಬುದ್ಧಿ ಬಂತು ಅಂದ್ಕೊಂಡಿದ್ದೆ," ಎಂದ ಭಾವಮೈದ. "ನಮ್ಮತ್ತೆ ಹಲ್ಲು ವಾಪಸ್ ಕೇಳ್ಬೇಡಿ, ಪ್ಲೀಸ್. ಈಗ ತಾನೇ ಬೈಯೋದು ನಿಲ್ಸಿದಾರೆ, ಅಗಿಯೋದ್ರಲ್ಲಿ ಬಿಜಿ."

ಅವನು ಫೋನ್ ಇಟ್ಟು ಆ ಖಾಲಿ ಕೊಕ್ಕೆಗಳನ್ನು ನೋಡುತ್ತಾ ನಿಂತ. ಒಳಗೆ ಎದ್ದದ್ದು ನಾಚಿಕೆಯೇ ಇರಬೇಕೆಂದು ಕಾದ. ಅದು ಬಂತು, ಆದರೆ ಅದರ ಹಿಂದೆಯೇ ಮತ್ತೊಂದು ಬರುತ್ತಿತ್ತು, ಅದಕ್ಕೆ ಅವನ ಬಳಿ ಹೆಸರಿರಲಿಲ್ಲ. ಐದು ತಿಂಗಳು ಪ್ರತಿ ತಿಂಗಳೂ ಯಾರೋ ಒಬ್ಬರು ಅವನ ಹೆಸರನ್ನು ಓದಿ, ಇರಲಿ ಎಂದುಕೊಂಡಿದ್ದಾರೆ. ಅವನು ಆ ಮನುಷ್ಯನಿಗೆ ನಾಟುವ ಮಾತು ಹುಡುಕುತ್ತಿದ್ದ ದಿನಗಳಲ್ಲೇ. ಏಳರಲ್ಲಿ ಯಾವುದಾದರೂ ಒಂದು ಕಾಗದ ಅವನಿಗೆ ಮೆಚ್ಚುಗೆಯಾಗಿ ಅಂಚೆಗೆ ಹಾಕಿದ್ದರೆ, ಹೆಂಡತಿ ಆ ಗಾಜಿನ ಕೌಂಟರಿನ ಮುಂದೆ ಕೊಟ್ಟ ಕಾರ್ಡಿಗೆ ಜೀವವಿರುತ್ತಿರಲಿಲ್ಲ. ತನಗೆ ಚೆನ್ನಾಗಿ ಬರೆಯಲು ಬಾರದಿದ್ದದ್ದಕ್ಕೆ ಯಾರಿಗೆ ಕೈ ಮುಗಿಯಬೇಕೆಂದು ಅವನಿಗೆ ತಿಳಿಯಲಿಲ್ಲ.

ಒಳಗೆ ಹೋದಾಗ ಕೌಂಟರಿನ ಹೆಂಗಸು ತೆರಿಗೆ ಲೆಕ್ಕದ ಫಾರಂನಲ್ಲಿ "ವರ್ಷವಿಡೀ ವಿಮೆ ಇತ್ತು" ಎಂಬ ಸಾಲು ತೋರಿಸಿದಳು. ಹತ್ತು ತಿಂಗಳು ಇಲ್ಲಿಂದ, ಎರಡು ಅಲ್ಲಿಂದ, ಎರಡೂ ಸೇರಿದರೆ ಹನ್ನೆರಡು, ನಡುವೆ ಎಲ್ಲೂ ತೂತಿಲ್ಲ ಎಂದು ವಿವರಿಸಿದಳು. ಅವನು ಗುರುತು ಹಾಕಿ ಸಹಿ ಮಾಡಿದ. "ತುಂಬಾ ಉಪಕಾರ ಆಯ್ತು ಮೇಡಂ."

"ನನಗ್ಯಾಕೆ ಹೇಳ್ತೀರಿ? ನಾನು ಓದಿ ಹೇಳಿದೆ, ಅಷ್ಟೇ," ಎಂದಳು. ಅರ್ಧ ತುಂಬಿದ ಆಕ್ಷೇಪಣೆಯನ್ನು ಹರಿದು ಬುಟ್ಟಿಗೆ ಹಾಕಿ, "ಮುಂದಿನೋರು ಬನ್ನಿ," ಎಂದು ಕೂಗಿದಳು.

ಹಳೆಯ ಲ್ಯಾಬು ಹಾಸಿಗೆ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಮೊದಲು ಪ್ಲಾಸ್ಟರಿನ ತಣ್ಣನೆ ವಾಸನೆ, ತಿರುವಿನಲ್ಲಿ ಮೇಣದ್ದು. ಅವನ ಕಾಲಿಗೆ ಪ್ರತಿ ಮೆಟ್ಟಿಲೂ ನೆನಪಿತ್ತು, ತಲೆಗೆ ಮಾತ್ರ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದ. ಮೊದಲನೆಯದು ಬೇಡಿದ ಹಾಗಿತ್ತು, ಎರಡನೆಯದು ಭಾಷಣದ ಹಾಗೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಮತ್ತೆ ಅದೇ ಚಟ ಶುರುವಾಯಿತಲ್ಲ ಎಂದು ಹೆದರಿ, ಬಾಗಿಲು ತಳ್ಳಿಬಿಟ್ಟ.

"ಬಾಗಿಲು ಹಾಕಯ್ಯ, ಧೂಳು ಬರತ್ತೆ," ಎಂದರು ಯಜಮಾನರು, ತಲೆಯೆತ್ತದೆ. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಯಾರದೋ ಕೆಳದವಡೆಯ ಮೇಲೆ ಬಗ್ಗಿದ್ದರು. ಆಮೇಲೆ ನೋಡಿದರು. ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ, ಸ್ವಲ್ಪ ಬೆಪ್ಪಾಗಿ ಕಂಡಿತು. "ಏನು, ದೊಡ್ಡ ಲ್ಯಾಬಲ್ಲಿ ಮಧ್ಯಾಹ್ನಕ್ಕೇ ಮನೆಗೆ ಕಳಿಸ್ತಾರಾ?"

"ರಜೆ ಹಾಕಿದೀನಿ."

"ಬರೆದು ಕೊಟ್ಟಿದೀಯ ತಾನೇ?"

ಅವನು ಫಾರಂ ತೆಗೆದು ಮೇಜಿನ ಮೇಲಿಟ್ಟ. "ಇದು ಬಂತು ಯಜಮಾನ್ರೇ."

"ಬರಬೇಕಾದ್ದೇ. ಕಳಿಸದಿದ್ರೆ ದಂಡ ಹಾಕ್ತಾರೆ. ಹೆಸರಲ್ಲೇನಾದ್ರೂ ತಪ್ಪಿದೆಯಾ?"

"ಇಲ್ಲ. ಯಾಕೆ ಹೀಗೆ ಮಾಡಿದ್ರಿ ಅಂತ…"

ಯಜಮಾನರು ಭೂತಗನ್ನಡಿ ಬಿಚ್ಚಿ ಒರೆಸತೊಡಗಿದರು. ಒರೆಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. "ಜೂನ್ ಎರಡನೇ ವಾರ ನಿನ್ನ ಹೆಂಡತಿ ಬಂದಿದ್ಲು. ಲ್ಯಾಬಿನ ಬೀಗದ ಕೈ ನಿನ್ನ ಪ್ಯಾಂಟ್ ಜೇಬಲ್ಲೇ ಉಳಿದಿತ್ತಂತೆ, ಕೊಟ್ಟು ಹೋಗೋಕೆ. ಅಗೋ, ಆ ಸ್ಟೂಲ್ ಮೇಲೆ ಕೂತಿದ್ಲು. ಕೂತೋಳು ಏಳ್ಲೇ ಇಲ್ಲ. ಏನು ತಾಯಿ ಅಂದೆ. ಬೆಳಿಗ್ಗೆ ರಿಪೋರ್ಟ್ ಬಂದಿದೆ, ಕತ್ತಲ್ಲಿ ಗಡ್ಡೆ ಅಂತ ಅಂದ್ಲು. ಮನೇಲಿ ಹೇಳಿದ್ಯಾ ಅಂದೆ. ಇಲ್ಲ, ಅವರು ಕಾಗದ ಬರೀತಿದಾರೆ, ಅದು ಮುಗೀಲಿ, ಆಮೇಲೆ ಹೇಳ್ತೀನಿ ಅಂದ್ಲು."

ಅವನಿಗೆ ಅವಳು ಹೇಳಿದ್ದು ಜುಲೈ ಕೊನೆಯಲ್ಲಿ. ಆರು ವಾರ ಅವಳು ಆ ಗಡ್ಡೆಯನ್ನು ಕತ್ತಿನಲ್ಲಿಟ್ಟುಕೊಂಡು ತಟ್ಟೆ ಇಟ್ಟಿದ್ದಳು, ತಟ್ಟೆ ತೆಗೆದಿದ್ದಳು. ಒಂದು ಸಲ ಅವನ ಹಿಂದೆ ಬಂದು ನಿಂತು, "ಒಂದ್ನಿಮಿಷ," ಎಂದಿದ್ದಳು. ತಡಿ, ಈ ಸಾಲು ತಪ್ಪಿಹೋಗತ್ತೆ, ಎಂದಿದ್ದ. ಯಾವ ಸಾಲು ಅದು? ಈಗ ಒಂದಕ್ಷರವೂ ನೆನಪಿಲ್ಲ.

"ವಿಮೆಯಿಂದ ನಿನ್ನ ಹೆಸರು ಹೊಡೆಯೋ ಫಾರಂ ಇಲ್ಲೇ ಮೇಜಿನ ಮೇಲಿತ್ತು," ಎಂದರು ಯಜಮಾನರು. "ತುಂಬ್ಲಿಲ್ಲ. ಅದಕ್ಕೇನು ಕಷ್ಟ? ನವೆಂಬರಲ್ಲಿ ನೀನು ಅಲ್ಲಿ ಸೇರಿದೆ ಅಂತ ಪ್ಲಾಸ್ಟರ್ ತರೋನು ಹೇಳಿದ. ಆವತ್ತು ಹೊಡೆದೆ. ಬೈಯೋದು ನನ್ನ ಚಾಳಿ ಕಣಯ್ಯ, ಅದು ಹೋಗಲ್ಲ. ಆವತ್ತು ಎಲ್ಲರ ಮುಂದೆ ಅನ್ನಬಾರದಿತ್ತು." ಕೊನೆಯ ಮಾತನ್ನು ಕೆಳದವಡೆಗೆ ಹೇಳಿದ ಹಾಗೆ ಹೇಳಿದರು.

"ನನಗೆ ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಮಾರನೇ ದಿನವೇ ಕಾಗದ ತಂದು ನನ್ನ ಮುಖಕ್ಕೆ ಹಿಡೀತಿದ್ದೆ."

ನಿಜವಾಗಿತ್ತು. ಅದು ಎಷ್ಟು ನಿಜವೆಂದರೆ ಅವನ ಕಣ್ಣು ತುಂಬಿತು. "ಯಜಮಾನ್ರೇ," ಎಂದ, "ಬೆಳಿಗ್ಗೆ ನಾನು ತೆರಿಗೆ ಆಫೀಸಿಗೆ ಹೋಗಿದ್ದೆ. ನಿಮ್ಮ ಮೇಲೆ ದೂರು ಕೊಡೋಕೆ."

ಲ್ಯಾಬಿನಲ್ಲಿ ತೀಡುತ್ತಿದ್ದ ಯಂತ್ರವೊಂದು ನಿಂತಿತು. ಯಜಮಾನರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೊಟ್ಯಾ?"

"ಇಲ್ಲ."

"ಅದನ್ನೂ ಅರ್ಧಕ್ಕೇ ಬಿಟ್ಯಾ?"

ಪ್ಲಾಸ್ಟರಿನ ಹುಡುಗಿ ನಕ್ಕಳು, ಈ ಸಲ ಬಾಯಿ ಮುಚ್ಚಿಕೊಳ್ಳದೆ. ಅವಳ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿದ್ದನ್ನು ಅವನು ಆಗ ನೋಡಿದ. ಅದಕ್ಕೇ ಮುಚ್ಚಿಕೊಳ್ಳುತ್ತಿದ್ದಳು. ಅವನು ಕಣ್ಣೊರೆಸಿಕೊಂಡು, ಬಗ್ಗಿ ಯಜಮಾನರ ಪಾದ ಮುಟ್ಟಲು ಹೋದ. ಅವರು ಕುರ್ಚಿಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡು, "ಏಯ್, ನೆಲದ ತುಂಬ ಮೇಣ ಇದೆ, ಏಳು. ಮನೆಗೆ ಹೋಗು," ಎಂದರು.

ಮನೆಗೆ ಬಂದಾಗ ನಾಲ್ಕು ಗಂಟೆ. ಹೆಂಡತಿ ಕಿಟಕಿಯ ಹತ್ತಿರ ಕೂತು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಸಂಜೆಯಾಗುತ್ತಾ ಅವಳ ಧ್ವನಿ ಈಗಲೂ ಸ್ವಲ್ಪ ಒಡೆಯುತ್ತದೆ. "ಇಷ್ಟು ಬೇಗ?" ಎಂದದ್ದು ಅರ್ಧ ಗಾಳಿಯಾಗಿ ಬಂತು.

"ಜೂನಲ್ಲಿ ಬೀಗದ ಕೈ ಕೊಡೋಕೆ ಹೋಗಿದ್ಯಂತೆ."

ಅವಳ ಕೈ ನಿಂತಿತು. "ಹೂಂ."

"ಕಾರ್ಡ್ ನಡೆಯತ್ತೆ ಅಂತ ನಿನಗೆ ಗೊತ್ತಿತ್ತು."

"ಯಜಮಾನ್ರು ಹೇಳಿದ್ರು. ನಿಮಗೆ ಹೇಳ್ಬೇಡ ಅಂದ್ರು. ಮೂರು ವಾರ ಬಾಯಿ ಇರ್ಲಿಲ್ಲ, ಸುಲಭ ಆಯ್ತು." ಅವಳು ನಕ್ಕು, ಅವನ ಮುಖ ನೋಡಿ ನಿಲ್ಲಿಸಿದಳು. "ಬೈಯಲ್ಲ ತಾನೇ?"

ಬೈಯುವುದೇ? ಕೈ ಮುಗಿಯಬೇಕಾದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಇವಳು, ಇವಳು ಕೇಳುತ್ತಿರುವುದು ಇದು. ಅವನು ಹೇಳಬೇಕೆಂದುಕೊಂಡಿದ್ದ ಯಾವ ಮಾತೂ ಇದಕ್ಕೆ ಸಾಲದು ಎನಿಸಿತು.

"ರಿಪೋರ್ಟ್ ಬಂದ ದಿನ ನನಗೆ ಹೇಳ್ಬೇಕು ಅಂತಿದ್ಯಲ್ಲ," ಎಂದ, "ಅದನ್ನ ಹೇಳು."

"ಈಗ ಯಾಕ್ರೀ? ಎಲ್ಲಾ ಮುಗೀತಲ್ಲ."

"ನಾನು ಕೇಳಿಸ್ಕೊಂಡಿಲ್ಲವಲ್ಲ."

ಅವಳು ಬಹಳ ಹೊತ್ತು ಅವನನ್ನು ನೋಡಿದಳು. ಆ ಮೂರು ವಾರ ನೋಡುತ್ತಿದ್ದ ನೋಟವೇ ಅದು; ಅದರಲ್ಲಿ ಬೈಗುಳ ಇರಲಿಲ್ಲ, ಆಗಲೂ ಇದ್ದಿರಲಾರದು.

"ರಿಪೋರ್ಟ್ ಒಂದೇ ಅಲ್ಲ," ಎಂದಳು. "ಅದನ್ನ ತರೋಕೆ ಹತ್ತಿದ ಬಸ್ಸಿಂದ ಹೇಳ್ಬೇಕಾಗತ್ತೆ. ಉದ್ದ ಇದೆ."

"ಬಸ್ಸಿಂದಲೇ ಹೇಳು."

ಅವನು ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಅವಳ ಕಾಲ ಬಳಿ ನೆಲದ ಮೇಲೆ ಕೂತ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು ಗಂಟಲು ಸರಿಮಾಡಿಕೊಂಡಳು.

"ಆವತ್ತು ಬಸ್ಸಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು," ಎಂದು ಶುರು ಮಾಡಿದಳು.